ಮಕ್ಕಳ ಸಾಹಿತಿ ಕಿರಿಯ ಸಾಹಿತಿಯೇ?

ಮಕ್ಕಳಿಗಾಗಿ ಬರೆಯುವವರು ಎರಡನೆಯ ದರ್ಜೆಯ ಲೇಖಕರೆಂಬ ಭಾವನೆ ನಮ್ಮ ಸುಶಿಕ್ಷಿತರಲ್ಲಿಯೂ ಬೇರೂರಿದೆ. ಇದು ಕೇವಲ ಅಭಿರುಚಿಯ ದೋಷವಲ್ಲ; ಮುಂದಿನ ಪೀಳಿಗೆಯ ಶೀಲಕ್ಕೇ ಒದಗುವ ಹಾನಿ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ., ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದವರಾಗಿ ಶ್ರೀರಂಗಪಟ್ಟಣದಲ್ಲಿ ಬಾಲ್ಯ ಕಳೆದ ಬಿ.ಎಂ.ಶ್ರೀ. ಇವರನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಇವರನ್ನು ಓದುವವರು ಎಲ್ಲಿಂದ ಬರಬೇಕು? ಕನ್ನಡದ ಲಯವನ್ನು ಎಳೆಯ ಕಿವಿಗಳಲ್ಲಿ ಮೊದಲು ಬಿತ್ತಿದವರು ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಅವರಂಥವರಲ್ಲವೇ?

ಪಂಜೆಯವರ ‘ನಾಗರಹಾವು’ ಪದ್ಯವನ್ನೇ ನೋಡಿರಿ. ಮಗು ಹಾವಿನ ಚೆಲುವಿಗೆ ಬೆರಗಾಗುತ್ತದೆ, ಕೈಮುಗಿಯುತ್ತದೆ, ಹಾಲು ಕೊಡುವೆನೆನ್ನುತ್ತದೆ. ಅದರ ಹಗೆಯನ್ನೂ ಅರಿತು, ಹೊರಗೆ ಹೋಗೆಂದು ಬೇಡುತ್ತದೆ. ಎಲ್ಲಿಯೂ ಕೋಲು ಎತ್ತುವುದಿಲ್ಲ. ಅಪಾಯವನ್ನು ಬಲ್ಲ ಅಹಿಂಸೆ ಇದು. ಒಂದು ತಾಸಿನ ಉಪನ್ಯಾಸವೂ ಇಷ್ಟನ್ನು ಮಗುವಿನ ಮನಸ್ಸಿಗೆ ಮುಟ್ಟಿಸಲಾರದು.

ಬ್ರೌನಿಂಗ್ ಕವಿಯ ಕೃತಿಯನ್ನು ಆಧರಿಸಿ ಕುವೆಂಪು ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ, ಇಲಿಗಳ ಕಾಟ ತೀರಿದ ಮೇಲೆ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ, ಊರು ತನ್ನ ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ದುಡಿದವನ ಕೂಲಿಯನ್ನು ನುಂಗಬಾರದೆಂಬ ಪಾಠ ವ್ಯಾಪಾರಸ್ಥರ ಮನೆಗಳಿಗೆ ಇದಕ್ಕಿಂತ ಚೆನ್ನಾಗಿ ಬೇಕೇ?

‘ಕಥೆಯ ಕೊನೆಯಲ್ಲಿ ನೀತಿಯನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಪ್ರಯೋಜನವೇನು?’ ಎಂದು ಕೆಲವರು ವಾದಿಸುತ್ತಾರೆ. ಹೇರಿದ ನೀತಿಯನ್ನು ಮಗು ಪರೀಕ್ಷೆ ಮುಗಿದೊಡನೆ ಮರೆಯುತ್ತದೆ. ಹಾಡಿ ನಲಿದದ್ದು ಮುಪ್ಪಿನವರೆಗೂ ನಾಲಗೆಯ ಮೇಲಿರುತ್ತದೆ. ರಾಜರತ್ನಂ ಅವರ ‘ತುತ್ತೂರಿ’ಯ ಜಂಬದ ಕಸ್ತೂರಿಯನ್ನು ಇಂದಿನ ಅಜ್ಜಂದಿರೂ ಮರೆತಿಲ್ಲ, ಜಂಬ ಸಲ್ಲದೆಂದು ಅವರಿಗೆ ಬೇರೆ ಯಾರೂ ಬೋಧಿಸಬೇಕಾಗಲಿಲ್ಲ.

ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ 1934ರಲ್ಲಿ ರಾಯಚೂರಿನಲ್ಲಿ ಪಂಜೆಯವರಿಗೂ, 1978ರಲ್ಲಿ ದೆಹಲಿಯಲ್ಲಿ ರಾಜರತ್ನಂ ಅವರಿಗೂ ಸಂದಿತು. ಆದರೆ 1954ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರ ನೀಡತೊಡಗಿದ್ದು 2010ರಲ್ಲಿ. ಈ ವಿಳಂಬದಲ್ಲಿ ನಮ್ಮೆಲ್ಲರ ಉದಾಸೀನವೇ ಪ್ರತಿಬಿಂಬಿತವಾಗಿದೆ.

ಮದುವೆ, ನಾಮಕರಣಗಳಿಗೆ ಸಾವಿರಾರು ರೂಪಾಯಿ ವೆಚ್ಚ ಮಾಡುವ ನಾವು ಮಕ್ಕಳ ಪುಸ್ತಕದ ಬೆಲೆ ಕೇಳಿದೊಡನೆ ಕೈ ಹಿಂತೆಗೆಯುತ್ತೇವೆ. ಈ ನಾಲ್ಕು ತಾಲ್ಲೂಕುಗಳ ಸಮಾಜಬಾಂಧವರು ಇನ್ನಾದರೂ ಶುಭಕಾರ್ಯಗಳಲ್ಲಿ ಸ್ಟೀಲ್ ಡಬ್ಬಿಯ ಬದಲು ಒಂದೊಂದು ಕನ್ನಡ ಮಕ್ಕಳ ಪುಸ್ತಕವನ್ನು ಹಂಚಲಿ. ಡಬ್ಬಿ ಅಟ್ಟ ಸೇರುತ್ತದೆ. ಪದ್ಯ ಮನಸ್ಸು ಸೇರುತ್ತದೆ.