ಸಹಿ ಇಲ್ಲದ ಸುದ್ದಿಗಳು

ಗಡಿನಾಡಿನ ಕನ್ನಡಿಗರಾದ ನಮಗೆ ಇಂದು ಸುದ್ದಿಯ ಬರವಿಲ್ಲ. ಬೆಂಗಳೂರು, ಮಂಗಳೂರುಗಳ ಕನ್ನಡ ಜಾಲತಾಣಗಳು ಒಂದು ಕಡೆಯಿಂದ, ಮಲಯಾಳದ ಜಾಲತಾಣಗಳು ಇನ್ನೊಂದು ಕಡೆಯಿಂದ ದಿನವಿಡೀ ನಮ್ಮ ಮೊಬೈಲಿಗೆ ಸುದ್ದಿ ಸುರಿಯುತ್ತಲೇ ಇವೆ. ಬರ ಬಂದಿರುವುದು ನಂಬಿಕೆಗೆ. ನಮ್ಮನ್ನು ದ್ವೇಷಿಸುವವರು ಹಬ್ಬಿಸಿದ ಸುಳ್ಳಿಗಿಂತ, ನಮ್ಮ ಮೇಲಿನ ಅಭಿಮಾನದ ಹೆಸರಿನಲ್ಲಿ ಹಬ್ಬಿದ ಸುಳ್ಳೇ ನಮಗೆ ಹೆಚ್ಚು ಕೇಡು ಮಾಡುತ್ತದೆ ಎಂದರೆ ಕೆಲವರಿಗೆ ಸಿಟ್ಟು ಬಂದೀತು. ಬರಲಿ, ಆದರೂ ಹೇಳಲೇಬೇಕು.

2021ರ ಜೂನ್ ತಿಂಗಳ ಕೊನೆಯ ವಾರವನ್ನು ನೆನಪಿಸಿಕೊಳ್ಳಿ. ಕಾಸರಗೋಡಿನ ಕನ್ನಡ ಊರುಗಳ ಹೆಸರುಗಳನ್ನು ಕೇರಳ ಸರಕಾರ ಮಲಯಾಳೀಕರಿಸುತ್ತಿದೆ ಎಂಬ ಸುದ್ದಿ ಜಾಲತಾಣಗಳಲ್ಲಿ ಹರಿದಾಡಿತು. ಮಧೂರು ‘ಮಧುರಂ’ ಆಗುವುದಂತೆ, ಕಾರಡ್ಕ ‘ಕಾಡಗಂ’ ಆಗುವುದಂತೆ, ಹೊಸದುರ್ಗ ‘ಪುದಿಯಕೋಟ’ ಆಗುವುದಂತೆ! ಕರ್ನಾಟಕದ ಹಿರಿಯ ರಾಜಕಾರಣಿಗಳೂ ಪ್ರತಿಭಟಿಸಿದರು. ಕೊನೆಗೆ ಅಂತಹ ತೀರ್ಮಾನವೇ ಇಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂತು. ಹೊಸದುರ್ಗ ತಾಲೂಕು ಇಂದಿಗೂ ಹೊಸದುರ್ಗವಾಗಿಯೇ ಇದೆ.

ಊರಿನ ಹೆಸರು ಬದಲಿಸುವುದು ಅಂಗಡಿಯ ಬೋರ್ಡು ಬದಲಿಸಿದಷ್ಟು ಸುಲಭವಲ್ಲ. ರಾಜ್ಯ ಸರಕಾರದ ಪ್ರಸ್ತಾಪ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ರೈಲ್ವೆ, ಅಂಚೆ ಇಲಾಖೆ, ಸರ್ವೇ ಆಫ್ ಇಂಡಿಯಾ ಇವುಗಳ ಅಭಿಪ್ರಾಯ ಬರಬೇಕು. ಪ್ರತಿಯೊಂದು ಹಂತದಲ್ಲಿಯೂ ಕಾಗದವಿರುತ್ತದೆ, ಸಂಖ್ಯೆಯಿರುತ್ತದೆ, ದಿನಾಂಕವಿರುತ್ತದೆ. ನಾನು ಓದಿದ ವರದಿಗಳಲ್ಲಿ ಒಂದು ಆದೇಶದ ಸಂಖ್ಯೆಯಾಗಲಿ ದಿನಾಂಕವಾಗಲಿ ಕಾಣಲಿಲ್ಲ. ಇದ್ದದ್ದು ಹೆಸರುಗಳ ಪಟ್ಟಿ ಮಾತ್ರ. ಆ ಪಟ್ಟಿಯೇ ಒಂದು ತಾಣದಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಯಿತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿಯುವ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ನೂರು ರೂಪಾಯಿಯ ವೋಚರೊಂದು ಮುಂದೆ ಸಾಗಬೇಕಾದರೆ ಬರೆದವನ ಸಹಿ ಬೇಕು, ಪರಿಶೀಲಿಸಿದವನ ಸಹಿಯೂ ಬೇಕು. ತಪ್ಪಾದರೆ ಅದೇ ಜಾಗದಲ್ಲಿ ಹೊಡೆದು ಹಾಕಿ, ತಿದ್ದಿ, ಸಹಿ ಮಾಡಬೇಕು. ಲಕ್ಷಾಂತರ ಜನರ ಮನಸ್ಸು ಕದಡುವ ಸುದ್ದಿಗೆ ಮಾತ್ರ ‘ನಮ್ಮ ಪ್ರತಿನಿಧಿಯಿಂದ’ ಎಂದರೆ ಸಾಕೇ? ಸುಳ್ಳೆಂದು ತಿಳಿದಾಗ ಸದ್ದಿಲ್ಲದೆ ಅಳಿಸಿಬಿಟ್ಟರೆ ತಿದ್ದಿದಂತಾಯಿತೇ?

ಇನ್ನು ಕೆಲವರ ವಾದವಿದೆ: “ಆದೇಶವಿಲ್ಲದಿದ್ದರೇನು? ನಾಮಫಲಕಗಳಲ್ಲಿ ಕನ್ನಡ ಕಾಣೆಯಾಗುತ್ತಿರುವುದು ನಿಜವಲ್ಲವೇ?” ಖಂಡಿತ ನಿಜ. ಹಾಗಾದರೆ ಅದನ್ನೇ ಬರೆಯಿರಿ. ಯಾವ ಕಚೇರಿಯ, ಯಾವ ಫಲಕದಲ್ಲಿ ಕನ್ನಡವಿಲ್ಲ ಎಂದು ಚಿತ್ರ ಸಹಿತ ಬರೆಯಿರಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದರೆ ಶಾಲೆಯ ಹೆಸರು ಹೇಳಿ ಬರೆಯಿರಿ. ಇಂತಹ ನಿಜವಾದ ದೂರುಗಳಿಗೆ ಎರಡು ಸಾಲು ಕೊಡದವರು ಇಲ್ಲದ ಆದೇಶಕ್ಕೆ ಇಡೀ ಪುಟ ಕೊಡುತ್ತಾರೆ. ಇದರ ಫಲವೇನು? ನಾಳೆ ನಾವು ನ್ಯಾಯವಾದ ಅರ್ಜಿ ಹಿಡಿದು ಹೋದರೆ “ಅಂದಿನ ಹೆಸರು ಬದಲಾವಣೆಯ ಹಾಗೆಯೇ ಇದೂ” ಎಂದು ಅಧಿಕಾರಿ ಕೈ ಬೀಸಬಹುದು. ಬಹುಸಂಖ್ಯಾತರ ಸುಳ್ಳು ಹೇಗೋ ದಕ್ಕೀತು. ಅಲ್ಪಸಂಖ್ಯಾತರ ಬಂಡವಾಳ ಸತ್ಯವೊಂದೇ. 1967ರ ಮಹಾಜನ ವರದಿಯನ್ನು ನಮ್ಮ ಹಿರಿಯರು ಇಷ್ಟು ಕಾಲ ಎತ್ತಿ ಹಿಡಿದದ್ದು ಅದು ದಾಖಲೆಯೆಂಬ ಕಾರಣಕ್ಕೆ, ಗಾಳಿಮಾತೆಂದಲ್ಲ.

ತಪ್ಪೆಲ್ಲ ಪತ್ರಕರ್ತರದೆನ್ನಲಾರೆ. ಮಳೆಯಲ್ಲಿ ನೆನೆದು ಪಂಚಾಯತು ಕಚೇರಿಗೆ ಅಲೆಯುವ ಅರೆಕಾಲಿಕ ವರದಿಗಾರನಿಗೆ ಸಿಗುವುದು ಪುಡಿಗಾಸು. ದೂರದ ನಗರದಲ್ಲಿ ಕುಳಿತು, ಮಲಯಾಳದ ಗಂಧವಿಲ್ಲದೆ, ನಮ್ಮ ಊರಿಗೆ ಬೆಂಕಿಯಂತಹ ತಲೆಬರಹ ಕೊಡುವವನಿಗೆ ಸಿಗುವುದು ಪ್ರಸಿದ್ಧಿ. ಎಷ್ಟು ಮಂದಿ ಒತ್ತಿ ನೋಡಿದರೆಂಬ ಲೆಕ್ಕದ ಮೇಲೆ ಜಾಹೀರಾತಿನ ಹಣ ಬರುವವರೆಗೆ ಯಜಮಾನರಿಗೆ ಇದೇ ಲಾಭ.

ಕಾನೂನಿನ ಬೆತ್ತ ಬೀಸಿದರೆ ಸರಿಯಾದೀತೆಂದು ನಂಬಬೇಡಿ. 2020ರ ನವೆಂಬರಿನಲ್ಲಿ ಕೇರಳ ಸರಕಾರ ಪೊಲೀಸ್ ಕಾಯಿದೆಗೆ 118ಎ ಎಂಬ ಕಲಮನ್ನು ಸುಗ್ರೀವಾಜ್ಞೆಯ ಮೂಲಕ ಸೇರಿಸಿ, ಟೀಕೆಗೆ ಮಣಿದು ಕೆಲವೇ ದಿನಗಳಲ್ಲಿ ಹಿಂತೆಗೆಯಬೇಕಾಯಿತು. ಯಾವುದು ಸುಳ್ಳೆಂದು ಪೊಲೀಸರು ತೀರ್ಮಾನಿಸುವ ದಿನ ಮೊದಲು ಬಾಯಿ ಮುಚ್ಚಬೇಕಾಗುವುದು ನಮ್ಮಂತಹ ಸಣ್ಣ ಸಮುದಾಯಗಳೇ.

ಮದ್ದು ನಮ್ಮ ಕೈಯಲ್ಲಿಯೇ ಇದೆ. ಬೆಂಗಳೂರಿನವರಿಗೆ ಮಲಯಾಳ ಬಾರದು, ತಿರುವನಂತಪುರದವರಿಗೆ ಕನ್ನಡ ಬಾರದು. ನಮ್ಮ ಮನೆಗಳಲ್ಲಿ ಎರಡನ್ನೂ ಓದಬಲ್ಲ ಮಕ್ಕಳಿದ್ದಾರೆ. ನಮ್ಮ ಬಗ್ಗೆ ಕನ್ನಡದಲ್ಲಿ ಬಂದ ಸುದ್ದಿಯನ್ನು ಮಲಯಾಳದಲ್ಲಿಯೂ, ಮಲಯಾಳದಲ್ಲಿ ಬಂದುದನ್ನು ಕನ್ನಡದಲ್ಲಿಯೂ ಒರೆಗೆ ಹಚ್ಚಿ ನೋಡೋಣ. ಆದೇಶ ಎಲ್ಲಿ, ಬರೆದವರು ಯಾರು ಎಂದು ಸಂಪಾದಕರನ್ನು ಕೇಳೋಣ. ಉತ್ತರ ಬರುವ ತನಕ ಆ ಸುದ್ದಿಯನ್ನು ವಾಟ್ಸಾಪಿನಲ್ಲಿ ಇನ್ನೊಬ್ಬರಿಗೆ ದಾಟಿಸದಿರೋಣ, ಅದು ಎಷ್ಟೇ ಕನ್ನಡಪರವಾಗಿ ಕಂಡರೂ ಸರಿಯೇ.