ಸನ್ಮಾನದ ಶಾಲು ಮಡಚಿಟ್ಟ ಮೇಲೆ

ಪ್ರತಿವರ್ಷ ವಿಶ್ವವಿದ್ಯಾನಿಲಯಗಳ ಫಲಿತಾಂಶ ಪ್ರಕಟವಾದ ಬೆನ್ನಿಗೇ ನಮ್ಮ ಪಟ್ಟಣಗಳ ಸಭಾಭವನಗಳಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. ಊರಿನ ಗಣ್ಯರು ವೇದಿಕೆಯಲ್ಲಿ ಆಸೀನರಾಗಿರುತ್ತಾರೆ. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮುಗಿಸಿದವರನ್ನು, ಅಪರೂಪಕ್ಕೊಮ್ಮೆ ಪಿಎಚ್.ಡಿ. ಪಡೆದವರನ್ನು ಹೆಸರು ಹಿಡಿದು ಕರೆಯಲಾಗುತ್ತದೆ. ಒಂದು ಶಾಲು, ಒಂದು ಸ್ಮರಣಿಕೆ, ಒಂದು ಛಾಯಾಚಿತ್ರ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಯ ಕಣ್ಣಂಚು ಒದ್ದೆಯಾಗುತ್ತದೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಓದಿದವರನ್ನು ಗೌರವಿಸುವ ಸಮಾಜ ಓದನ್ನೂ ಗೌರವಿಸುತ್ತದೆ. ಆದರೆ ಒಂದು ವರ್ಷ ಕಳೆದ ಮೇಲೆ, ಆ ಶಾಲು ಹೊದ್ದುಕೊಂಡಿದ್ದ ತರುಣ ಎಲ್ಲಿದ್ದಾನೆ, ಆ ತರುಣಿ ಏನು ಮಾಡುತ್ತಿದ್ದಾಳೆ ಎಂದು ವೇದಿಕೆಯಲ್ಲಿದ್ದವರನ್ನು ಕೇಳಿ ನೋಡಿ. ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಸಮಸ್ಯೆ ಇರುವುದು ಇಲ್ಲಿಯೇ. ಕಳೆದ ಎರಡು ದಶಕಗಳಲ್ಲಿ ನಾವು ಮಕ್ಕಳನ್ನು ಉನ್ನತ ಶಿಕ್ಷಣಕ್ಕೆ ಕಳುಹಿಸಲು ಕಲಿತಿದ್ದೇವೆ. ಆದರೆ ಓದು ಮುಗಿಸಿ ಮರಳಿದವರನ್ನು ಬರಮಾಡಿಕೊಳ್ಳಲು ಇನ್ನೂ ಕಲಿತಿಲ್ಲ.

ಇಂಥ ಮನೆಗಳನ್ನು ನಾವು ಬಲ್ಲೆವು. ತಂದೆಗೆ ಪೇಟೆಯಲ್ಲಿ ಸಣ್ಣದೊಂದು ಅಂಗಡಿ. ಮಗ ಕೊಣಾಜೆಯಲ್ಲೋ ಶಂಕರಘಟ್ಟದಲ್ಲೋ ಧಾರವಾಡದಲ್ಲೋ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಸ್ನಾತಕೋತ್ತರ ಪದವಿ ಪಡೆದು ಬಂದಿದ್ದಾನೆ. ಆ ವಂಶದಲ್ಲಿಯೇ ಅಷ್ಟು ಓದಿದವನು ಅವನೊಬ್ಬನೇ. ಮೊದಲ ತಿಂಗಳು ಮನೆಯಲ್ಲಿ ಹಬ್ಬದ ವಾತಾವರಣ. ಎರಡನೆಯ ತಿಂಗಳು ನೆಂಟರ ಪ್ರಶ್ನೆಗಳು ಆರಂಭವಾಗುತ್ತವೆ. ಮೂರನೆಯ ತಿಂಗಳಿಗೆ ತಂದೆ ಏನನ್ನೂ ಕೇಳುವುದಿಲ್ಲ. ಆದರೆ ಅವರ ಮೌನವೇ ಕೇಳುತ್ತದೆ. ಶುಕ್ರವಾರ ಮಸೀದಿಯಂಗಳದಲ್ಲಿ ‘ಈಗ ಏನು ಮಾಡ್ತಾ ಇದ್ದೀಯಪ್ಪಾ?’ ಎಂದು ಎದುರಾಗುವ ಹಿರಿಯರನ್ನು ತಪ್ಪಿಸಿಕೊಳ್ಳಲು ಆ ತರುಣ ಕೊನೆಯ ಸಾಲಿನಲ್ಲಿ ನಿಂತು ಮೊದಲಿಗನಾಗಿ ಹೊರಡತೊಡಗುತ್ತಾನೆ. ಕೇಳುವವರಲ್ಲಿ ಕುಹಕವಿರುವುದಿಲ್ಲ, ಹೆಚ್ಚಿನ ವೇಳೆ ಅಕ್ಕರೆಯೇ ಇರುತ್ತದೆ. ಆದರೆ ಉತ್ತರವಿಲ್ಲದವನಿಗೆ ಅಕ್ಕರೆಯ ಪ್ರಶ್ನೆಯೂ ಭಾರವೇ.

ಹೊರಗಿನವರಿಗೆ ಕಾಣದ ಇನ್ನೊಂದು ಬದಲಾವಣೆಯೂ ಇದೆ. ಒಂದನೇ ತರಗತಿಯಿಂದ ಸ್ನಾತಕೋತ್ತರದವರೆಗೆ ಸುಮಾರು 17 ವರ್ಷ ಆತನ ದಿನವನ್ನು ಬೇರೆ ಯಾರೋ ನಿಗದಿಪಡಿಸಿದ್ದರು. ಗಂಟೆ ಬಾರಿಸುತ್ತಿತ್ತು, ವೇಳಾಪಟ್ಟಿ ಇತ್ತು, ಪರೀಕ್ಷೆಯ ದಿನಾಂಕವಿತ್ತು. ಎಷ್ಟು ಕಲಿತೆ ಎಂಬುದನ್ನು ಅಂಕಪಟ್ಟಿ ಹೇಳುತ್ತಿತ್ತು. ಈಗ ಬೆಳಗ್ಗೆ ಎದ್ದರೆ ಸಂಜೆಯವರೆಗಿನ ಸಮಯವೆಲ್ಲ ಆತನದ್ದೇ. ಅದನ್ನು ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಚರ್ಚಿಸುತ್ತಿದ್ದ ಗೆಳೆಯರು ತಂತಮ್ಮ ಊರು ಸೇರಿದ್ದಾರೆ. ಓದಿದ ವಿಷಯದ ಬಗ್ಗೆ ನಾಲ್ಕು ಮಾತಾಡಲು ಪಟ್ಟಣದಲ್ಲಿ ಜೊತೆಯಿಲ್ಲ. ಪಿಎಚ್.ಡಿ. ಮುಗಿಸಿದವರ ಸ್ಥಿತಿಯಂತೂ ಇನ್ನೂ ವಿಚಿತ್ರ. ನಾಲ್ಕೈದು ವರ್ಷ ಒಂದೇ ವಿಷಯದ ಆಳಕ್ಕಿಳಿದು ಪ್ರಬಂಧ ಸಲ್ಲಿಸಿದ ಮರುದಿನ ಕೈ ಖಾಲಿ. ಹೆಸರಿನ ಹಿಂದೆ ‘ಡಾ.’ ಬಂದಿರುತ್ತದೆ. ಪಕ್ಕದ ಮನೆಯವರು ಜ್ವರಕ್ಕೆ ಮಾತ್ರೆ ಕೇಳುತ್ತಾರೆ. ಇದು ನಗೆಯ ಸಂಗತಿಯಾಗಿ ಆರಂಭವಾಗಿ ನೋವಿನ ಸಂಗತಿಯಾಗಿ ಮುಗಿಯುತ್ತದೆ.

ಈ ಖಾಲಿತನವನ್ನು ಸೋಮಾರಿತನವೆಂದು ಭಾವಿಸುವುದು ನಾವು ಮಾಡುವ ಮೊದಲ ತಪ್ಪು. ಯಾಕೆಂದರೆ ಹೊರಗಿನ ವಾಸ್ತವವೇ ಕಠೋರವಾಗಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದು ಬರಹ ತಿಳಿಯದ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ. 3.4 ಇದ್ದರೆ ಪದವೀಧರ ಯುವಜನರಲ್ಲಿ ಅದು ಶೇ. 29.1. ಅಂದರೆ ಹೆಚ್ಚು ಓದಿದವರೇ ಹೆಚ್ಚು ಕಾಯುತ್ತಿದ್ದಾರೆ. ಇದು ಯಾವುದೋ ಒಂದು ಸಮುದಾಯದ ಪಾಡಲ್ಲ, ದೇಶದ ಪಾಡು. ಆದರೆ ಮುಸ್ಲಿಮರ ಮಟ್ಟಿಗೆ ಅದರ ಹೊರೆ ಹೆಚ್ಚು. 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಾಚಾರ್ ಸಮಿತಿಯ ವರದಿಯು, ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ 25ರಲ್ಲಿ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ 50ರಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು ಹೇಳಿತ್ತು. ಪದವೀಧರರ ನಿರುದ್ಯೋಗವೂ ಈ ಸಮುದಾಯದಲ್ಲಿಯೇ ಅಧಿಕವೆಂದು ಅದೇ ವರದಿ ಗುರುತಿಸಿತ್ತು. ಏರುವವರೂ ಕಡಿಮೆ, ಏರಿದವರಿಗೆ ಆಸರೆಯೂ ಕಡಿಮೆ.

ಕರ್ನಾಟಕದಲ್ಲಿ ಸ್ನಾತಕೋತ್ತರ ಮುಗಿಸಿದವರು ಮೊದಲು ನೋಡುವುದು ಕಾಲೇಜು ಉಪನ್ಯಾಸಕ ಹುದ್ದೆಯ ಕಡೆಗೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಅರ್ಜಿ ಕರೆಯಲಾಯಿತು. 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಇಂಥ ಅವಕಾಶ ಹಲವು ವರ್ಷಗಳಿಗೊಮ್ಮೆ ಬರುತ್ತದೆ. ನಡುವಿನ ವರ್ಷಗಳನ್ನು ಸಾವಿರಾರು ಮಂದಿ ಅತಿಥಿ ಉಪನ್ಯಾಸಕರಾಗಿ ಕಳೆಯುತ್ತಾರೆ. 2022ರ ಆರಂಭದವರೆಗೆ ಇವರಿಗೆ ತಿಂಗಳಿಗೆ ಸಿಗುತ್ತಿದ್ದುದು 11ರಿಂದ 13 ಸಾವಿರ ರೂಪಾಯಿ. ದೀರ್ಘ ಹೋರಾಟದ ಬಳಿಕ ಸರಕಾರವು ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರದ ಬೋಧನಾ ಅವಧಿಯನ್ನೂ ಹೆಚ್ಚಿಸಿತು. ಹಾಗಾಗಿ ಕೆಲವರ ಗೌರವಧನ ಏರಿದಾಗ ಇನ್ನು ಕೆಲವರ ಕೆಲಸವೇ ಹೋಯಿತು. ಅತಿಥಿ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಗೌರವವಿದೆ! ಆದರೆ ಶೈಕ್ಷಣಿಕ ವರ್ಷ ಮುಗಿದೊಡನೆ ಎದ್ದು ಹೋಗಬೇಕಾದ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಕಾಯಬೇಕಾದ ಈ ಅತಿಥಿಯ ಪಾಡನ್ನು ಏನೆನ್ನಬೇಕು?

ಸಂಶೋಧನೆಯ ದಾರಿಯಲ್ಲಿ ಇದ್ದ ಒಂದು ಊರುಗೋಲನ್ನೂ ಕಿತ್ತುಕೊಳ್ಳಲಾಗಿದೆ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸಿರುವುದಾಗಿ ಕೇಂದ್ರ ಸರಕಾರವು 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. 50ರಲ್ಲಿ ಒಬ್ಬರು ಎಂಬ ಸ್ಥಿತಿಯಿಂದ ಹೊರಟ ಸಮುದಾಯಕ್ಕೆ ಈ ಪುನರಾವರ್ತನೆ ಅಷ್ಟೊಂದು ಹೆಚ್ಚಾಯಿತೇ? ಫೆಲೋಶಿಪ್ ಎಂದರೆ ಬರೀ ಹಣವಲ್ಲ. ಓದನ್ನು ದುಡಿಮೆಯೆಂದು ಮನೆಯವರು ಒಪ್ಪಿಕೊಳ್ಳಲು ಅದೊಂದು ಪುರಾವೆಯಾಗಿತ್ತು.

ಸರಕಾರವನ್ನು ಪ್ರಶ್ನಿಸಬೇಕು, ಪ್ರಶ್ನಿಸುತ್ತಲೇ ಇರಬೇಕು. ಆದರೆ ಅಷ್ಟಕ್ಕೇ ನಿಂತರೆ ನಾವು ನಮ್ಮ ಪಾಲಿನ ಹೊಣೆಯಿಂದ ನುಣುಚಿಕೊಂಡಂತೆ.

ಮೊದಲನೆಯದು ಹೆಣ್ಣುಮಕ್ಕಳ ವಿಷಯ. ಇಂದು ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವ ಮುಸ್ಲಿಮ್ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿದ್ದಾರೆ. ಇದು ಹೆಮ್ಮೆಯ ಸಂಗತಿ. ಆದರೆ ಎಂ.ಎ. ಮುಗಿಸಿ ಮನೆಗೆ ಬಂದ ಮಗಳಿಗೆ ಎದುರಾಗುವ ಮೊದಲ ಪ್ರಶ್ನೆ ಕೆಲಸದ್ದಲ್ಲ, ಮದುವೆಯದ್ದು. ‘ಹುಡುಗಿ ಜಾಸ್ತಿ ಓದಿದ್ದಾಳೆ’ ಎಂಬ ಮಾತನ್ನು ದೋಷವೆಂಬಂತೆ ಹೇಳುವ ಮಧ್ಯಸ್ಥರು ನಮ್ಮ ನಡುವೆ ಇದ್ದಾರೆ. ಪದವಿಯಷ್ಟೇ ಓದಿದ ವರನ ಕಡೆಯವರಿಗೆ ಮುಜುಗರವಾಗದಿರಲೆಂದು ಮಗಳ ಸ್ನಾತಕೋತ್ತರವನ್ನು ಮುಚ್ಚಿಟ್ಟು ‘ಡಿಗ್ರಿ ಆಗಿದೆ’ ಎಂದಷ್ಟೇ ಹೇಳಿದ ಮನೆಗಳನ್ನೂ ನಾವು ಬಲ್ಲೆವು. ಸಭೆಯಲ್ಲಿ ಶಾಲು ಹೊದಿಸಿ ಮೆರೆಸಿದ ಪದವಿಯನ್ನು ಮನೆಯ ಜಗಲಿಯಲ್ಲಿ ಅಡಗಿಸಿಡುವುದೆಂದರೆ ಏನರ್ಥ? ಎರಡು ವರ್ಷ ಬಸ್ಸು ಹತ್ತಿ ಇಳಿದು, ಗ್ರಂಥಾಲಯದಲ್ಲಿ ಕುಳಿತು ಆಕೆ ಗಳಿಸಿದ್ದನ್ನು ಆಕೆಯ ಎದುರಿನಲ್ಲಿಯೇ ಲೆಕ್ಕದಿಂದ ಕೈಬಿಟ್ಟಂತಲ್ಲವೇ? ವಿವಾಹವು ಬದುಕಿನ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದು ಅದಕ್ಕೆ ಅಡ್ಡಿಯೆಂದು ತಿಳಿಯುವವರಿಗೆ ಮಗಳನ್ನು ಕೊಡುವ ಮುನ್ನ ಹೆತ್ತವರು ಇನ್ನೊಮ್ಮೆ ಯೋಚಿಸುವುದು ಒಳಿತು.

ಎರಡನೆಯದು ನಮ್ಮದೇ ವಿದ್ಯಾಸಂಸ್ಥೆಗಳ ವಿಷಯ. ಈ ಎರಡು ದಶಕಗಳಲ್ಲಿ ಸಮುದಾಯವು ಅನೇಕ ಶಾಲೆ ಕಾಲೇಜುಗಳನ್ನು ಕಟ್ಟಿದೆ. ಕಟ್ಟಡಗಳು ಭವ್ಯವಾಗಿವೆ, ಬಸ್ಸುಗಳು ಹೊಳೆಯುತ್ತವೆ. ಆದರೆ ಅಲ್ಲಿ ಪಾಠ ಮಾಡುವ ಸ್ನಾತಕೋತ್ತರ ಪದವೀಧರರ ಸಂಬಳ ಅದೇ ಕಟ್ಟಡಕ್ಕೆ ಕಲ್ಲು ಕಟ್ಟಿದ ಮೇಸ್ತ್ರಿಯ ಕೂಲಿಯಷ್ಟಾದರೂ ಇದೆಯೇ? ಮೇಸ್ತ್ರಿಯ ಕೂಲಿ ಹೆಚ್ಚಾಯಿತೆಂಬುದು ನಮ್ಮ ದೂರಲ್ಲ. ‘ಸೇವೆ’ ಎಂಬ ಹೆಸರಿನಲ್ಲಿ ವಿದ್ಯಾವಂತರ, ಅದರಲ್ಲೂ ವಿದ್ಯಾವಂತ ಹೆಣ್ಣುಮಕ್ಕಳ ಶ್ರಮವನ್ನು ಅಗ್ಗದಲ್ಲಿ ಪಡೆಯುವ ಪರಿಪಾಠ ನಮ್ಮಲ್ಲಿದೆ. ಸರಕಾರದ ಅನ್ಯಾಯದ ಬಗ್ಗೆ ಭಾಷಣ ಮಾಡುವ ಆಡಳಿತ ಮಂಡಳಿಗಳು ತಮ್ಮ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ.

ಮೂರನೆಯದು ಹೆತ್ತವರ ವಿಷಯ. ಮಗನ ಓದಿಗಾಗಿ ತಾಯಿಯ ಬಳೆ ಅಡವಾಗಿದೆ. ತಮ್ಮ ಪಿಯುಸಿಗೆ ಓದು ನಿಲ್ಲಿಸಿ ಅಂಗಡಿಯಲ್ಲಿ ಕೂತಿದ್ದಾನೆ ಅಥವಾ ಗಲ್ಫ್ ವಿಮಾನ ಹತ್ತಿದ್ದಾನೆ. ಆತ ಕಳುಹಿಸುವ ಹಣದಲ್ಲಿ ಅಣ್ಣ ಅರ್ಜಿಶುಲ್ಕ ಕಟ್ಟಬೇಕಾದ ಸನ್ನಿವೇಶ ಎಷ್ಟೋ ಮನೆಗಳಲ್ಲಿದೆ. ಇಂಥ ಮನೆಯಲ್ಲಿ ‘ಓದಿ ಏನು ಸಿಕ್ಕಿತು?’ ಎಂಬ ಮಾತು ಬಾಯಿಗೆ ಬರುವುದು ಸಹಜ. ನಾವು ಆ ಹೆತ್ತವರನ್ನು ದೂಷಿಸಲಾರೆವು. ಆದರೆ ಆ ಮಾತನ್ನು ಕೇಳಿಸಿಕೊಳ್ಳುವ ಕಿವಿಗಳು ಬರೀ ಮಗನದ್ದಲ್ಲ. ಅದೇ ಮನೆಯ, ಪಕ್ಕದ ಮನೆಯ ಎಸ್ಸೆಸೆಲ್ಸಿ ಓದುವ ಹುಡುಗನೂ ಅದನ್ನು ಕೇಳಿಸಿಕೊಳ್ಳುತ್ತಾನೆ. ಮುಂದಿನ ವರ್ಷ ಆತ ಕಾಲೇಜಿನ ಅರ್ಜಿಯ ಬದಲು ಪಾಸ್‌ಪೋರ್ಟಿನ ಅರ್ಜಿ ತರುತ್ತಾನೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2019-20ರಲ್ಲಿ 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಇಳಿದಿತ್ತು. ಅದು ಕೊರೋನಾದ ವರ್ಷ, ಮರುವರ್ಷ ಸಂಖ್ಯೆ ಮತ್ತೆ ಏರಿತು, ನಿಜ. ಆದರೆ ಮನೆಯ ಆದಾಯ ಅಲುಗಿದಾಗ ಮೊದಲು ಕೈಬಿಡುವುದು ಓದನ್ನೇ ಎಂಬ ಪಾಠ ಅದರಲ್ಲಿದೆ. ಪಟ್ಟಣದ ಮೊದಲ ಸ್ನಾತಕೋತ್ತರ ಪದವೀಧರ ಕುಗ್ಗಿ ಕುಳಿತರೆ ಆತನ ಹಿಂದಿನ ಹತ್ತು ಮಕ್ಕಳ ದಾರಿ ಮಸುಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪದವಿಯ ನಂತರದ ಎರಡು ವರ್ಷಗಳನ್ನು ಸೋಲೆಂದು ಕಾಣದೆ, ಓದಿನ ಮುಂದುವರಿದ ಹಂತವೆಂದು ಮನೆಮಂದಿ ಮೊದಲೇ ಒಪ್ಪಿಕೊಳ್ಳಲಿ. ಫಲಿತಾಂಶ ಬರುವ ಮುನ್ನವೇ ತಂದೆ ತಾಯಿ ಮಕ್ಕಳೊಂದಿಗೆ ಕುಳಿತು ಮಾತಾಡಲಿ. ಮನೆಗೆ ಎಷ್ಟು ಕಾಯಲು ಸಾಧ್ಯ, ತಿಂಗಳಿಗೆ ಎಷ್ಟಾದರೂ ದುಡಿಯಲೇಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಬಾಯಿಬಿಟ್ಟು ಹೇಳಿದ ಬಡತನವನ್ನು ಮಕ್ಕಳು ಹೊರಬಲ್ಲರು. ಹೇಳದೆ ಉಳಿದ ಅಸಮಾಧಾನವನ್ನು ಹೊರಲಾರರು.

ಓದು ಮುಗಿಸಿದವರಿಗೂ ನಮ್ಮದೊಂದು ಮಾತಿದೆ. ಓದಿದ್ದಕ್ಕೆ ತಕ್ಕ ಹುದ್ದೆಯೇ ಸಿಗಬೇಕೆಂದು ಕೈಕಟ್ಟಿ ಕುಳಿತುಕೊಳ್ಳುವುದು ಸ್ವಾಭಿಮಾನವಲ್ಲ. ತಂದೆಯ ಅಂಗಡಿಯಲ್ಲಿ ಬೆಳಗ್ಗಿನ ನಾಲ್ಕು ಗಂಟೆ ಕೂರುವುದರಿಂದ ಎಂ.ಎಸ್ಸಿ.ಯ ಮೌಲ್ಯ ಇಳಿಯುವುದಿಲ್ಲ. ಬೈಕಂಪಾಡಿಯಲ್ಲೋ ನಂಜನಗೂಡಿನಲ್ಲೋ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಿರಿಯ ಕೆಲಸ ಸಿಕ್ಕರೆ ಅದೂ ಒಂದು ಪಾಠಶಾಲೆಯೇ. ಆದರೆ ಕೈಗೆ ಬಂದ ಕೆಲಸ ಮಾಡುತ್ತಾ ಓದನ್ನು ಕೈಬಿಡಬೇಡಿ. ಎನ್‌ಇಟಿ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಅದರಲ್ಲಿ ವಯೋಮಿತಿಯಿಲ್ಲ. ರಾಜ್ಯದ ಕೆ-ಸೆಟ್ ಪರೀಕ್ಷೆ ಇದೆ. ಪ್ರೌಢಶಾಲೆಯಲ್ಲಿ ಕಲಿಸಬೇಕಿದ್ದರೆ ಬಿ.ಎಡ್. ಬೇಕು, ಅದಕ್ಕೆ ಮತ್ತೆ ಎರಡು ವರ್ಷ ಬೇಕು. ಇಂಥ ಸರಳ ಮಾಹಿತಿಯನ್ನು ಪದವಿ ಮುಗಿದ ಮೇಲೆ ಹುಡುಕುವುದಲ್ಲ, ಮೊದಲ ವರ್ಷದಲ್ಲಿಯೇ ತಿಳಿದಿರಬೇಕು. ದಿನಕ್ಕೊಂದು ವೇಳಾಪಟ್ಟಿ ಹಾಕಿಕೊಳ್ಳಿ, ಈ ಬಾರಿ ಅದನ್ನು ಬರೆಯುವವರು ನೀವೇ ಆಗಿರುತ್ತೀರಿ. ಅತಿ ಮುಖ್ಯವಾಗಿ, ಮನಸ್ಸು ಕುಗ್ಗಿದರೆ ಯಾರಲ್ಲಾದರೂ ಹೇಳಿಕೊಳ್ಳಿ. ಅಗತ್ಯಬಿದ್ದರೆ ವೈದ್ಯರನ್ನು ಕಾಣಿ. ಜ್ವರಕ್ಕೆ ಮದ್ದು ಕೇಳಲು ನಾಚದ ನಾವು ಮನಸ್ಸಿನ ಬಳಲಿಕೆಗೆ ಮದ್ದು ಕೇಳಲು ಯಾಕೆ ನಾಚಬೇಕು?

ಜಮಾಅತ್‌ಗಳಿಗೆ, ಊರಿನ ಸಂಘಟನೆಗಳಿಗೆ ನಾವು ಹೇಳುವುದು ದೊಡ್ಡ ಯೋಜನೆಗಳನ್ನಲ್ಲ. ಪಟ್ಟಣದಲ್ಲಿ ಎಷ್ಟು ಸ್ನಾತಕೋತ್ತರ ಪದವೀಧರರಿದ್ದಾರೆ, ಯಾವ ವಿಷಯದಲ್ಲಿ, ಈಗ ಏನು ಮಾಡುತ್ತಿದ್ದಾರೆ ಎಂಬ ಒಂದು ಪಟ್ಟಿ ತಯಾರಾಗಲಿ. ವಾರದ ಆರು ದಿನ ಬೀಗ ಹಾಕಿರುವ ಸಭಾಭವನದ ಒಂದು ಕೋಣೆ ಬೆಳಗ್ಗೆಯಿಂದ ರಾತ್ರಿಯವರೆಗೆ ಓದುವ ಕೋಣೆಯಾಗಿ ತೆರೆದಿರಲಿ, ಹೆಣ್ಣುಮಕ್ಕಳಿಗೂ ಅಲ್ಲಿ ಜಾಗವಿರಲಿ. ಹೈಸ್ಕೂಲು ಮಕ್ಕಳಿಗೆ ಸಂಜೆಯ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠಕ್ಕೆ ಈ ಪದವೀಧರರನ್ನೇ ನೇಮಿಸಿ, ತಕ್ಕ ಸಂಬಳ ಕೊಡಿ. ಇದು ದಾನವಲ್ಲ. ಕಲಿತವರಿಗೆ ಕೆಲಸವಾಯಿತು, ಕಲಿಯುವವರಿಗೆ ಪಾಠವಾಯಿತು.

ಮುಂದಿನ ಸನ್ಮಾನ ಸಭೆಯ ಆಮಂತ್ರಣ ಪತ್ರಿಕೆ ಇಷ್ಟರಲ್ಲಿಯೇ ಅಚ್ಚಿಗೆ ಹೋಗಬಹುದು. ಸಂಘಟಕರಲ್ಲಿ ನಮ್ಮದು ಒಂದೇ ವಿನಂತಿ. ಈ ವರ್ಷದವರ ಜೊತೆಗೆ ಕಳೆದ ವರ್ಷ, ಅದರ ಹಿಂದಿನ ವರ್ಷ ಸನ್ಮಾನಿತರಾದವರನ್ನೂ ಕರೆಯಿರಿ. ಅವರಿಗೆ ಇನ್ನೊಂದು ಶಾಲು ಬೇಡ. ಅಧ್ಯಕ್ಷರ ಭಾಷಣದಿಂದ ಹತ್ತು ನಿಮಿಷ ಕಡಿತಗೊಳಿಸಿ, ಈ ಒಂದು ವರ್ಷ ಹೇಗೆ ಕಳೆಯಿತೆಂದು ಅವರನ್ನೇ ಕೇಳಿ. ಅವರು ಹೇಳುವುದನ್ನು ಮುಂದಿನ ಸಾಲಿನವರು ಕೇಳಿಸಿಕೊಳ್ಳಲಿ.