ಹಾಡಿನ ಪುಸ್ತಕಕ್ಕೆ ಬಿದ್ದ ಕತ್ತರಿ

ಫ್ಲಾರೆನ್ಸಿನ ಸಾಂತಾ ಮರಿಯಾ ದೆಲಿ ಆಂಜೆಲಿ ಮಠದಲ್ಲಿ ಇಬ್ಬರು ಸನ್ಯಾಸಿಗಳ ಬಲಗೈಗಳನ್ನು ಅವರ ಸಾವಿನ ನಂತರವೂ ಪೂಜ್ಯ ಅವಶೇಷಗಳಂತೆ ಕಾಪಾಡಿಕೊಂಡು ಬಂದಿದ್ದರೆಂದು 16ನೇ ಶತಮಾನದ ಕಲಾ ಚರಿತ್ರೆಕಾರ ಜಾರ್ಜೋ ವಸಾರಿ ಬರೆದಿದ್ದಾನೆ. ಒಬ್ಬ ಮಠದ ಹಾಡುಪುಸ್ತಕಗಳ ಲಿಪಿಕಾರ ಯಾಕೋಪೊ, ಇನ್ನೊಬ್ಬ ಅವಕ್ಕೆ ಚಿತ್ರ ಬರೆದ ಸಿಲ್ವೆಸ್ತ್ರೊ. ಕೈಗಳಿಗೆ ಸಿಕ್ಕ ಈ ಗೌರವ ಆ ಕೈಗಳ ಕೆಲಸಕ್ಕೆ ದಕ್ಕಲಿಲ್ಲ. ನೆಪೋಲಿಯನ್ ಕಾಲದಲ್ಲಿ ಮಠಗಳು ಮುಚ್ಚಿದ ಮೇಲೆ ಆ ಪುಸ್ತಕಗಳ ಚಿತ್ರಗಳನ್ನು ಕತ್ತರಿಸಿ ಮಾರಲಾಯಿತು. ಅವುಗಳ ಚೂರುಗಳು ಇಂದು ಲಂಡನ್, ನ್ಯೂಯಾರ್ಕ್, ಕ್ಲೀವ್‌ಲ್ಯಾಂಡ್‌ಗಳ ಸಂಗ್ರಹಗಳಲ್ಲಿ ಹರಡಿಹೋಗಿವೆ.

ಈ ವ್ಯಾಪಾರ ಇನ್ನೂ ನಿಂತಿಲ್ಲ. ಹರಾಜು ಕಟ್ಟೆಗಳಲ್ಲೂ ಅಂತರ್ಜಾಲದ ಅಂಗಡಿಗಳಲ್ಲೂ ‘ಮಧ್ಯಯುಗದ ಸಂಗೀತದ ಹಾಳೆ’ ಬಿಡಿಬಿಡಿಯಾಗಿ ಬಿಕರಿಯಾಗುತ್ತದೆ, ಗೋಡೆಯ ಅಲಂಕಾರವಾಗುತ್ತದೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ಕೊಳ್ಳುವವರು ಭಾವಿಸಿದ್ದಾರೆ. ನಷ್ಟ ಇದೆ, ಅದು ಹಾಳೆಯ ಹಿಂಬದಿಯಲ್ಲಿದೆ.

ಕ್ಯಾಥೊಲಿಕ್ ಮಠಗಳ ಹಾಡುಪುಸ್ತಕ ಒಬ್ಬರ ಓದಿಗೆಂದು ಬರೆದದ್ದಲ್ಲ. ಎತ್ತರದ ವ್ಯಾಸಪೀಠದ ಮೇಲೆ ಒಂದೇ ಪುಸ್ತಕ ಬಿಡಿಸಿಟ್ಟರೆ ಸುತ್ತ ನಿಂತ ಇಡೀ ಗುಂಪು ಅದನ್ನೇ ನೋಡಿ ಹಾಡಬೇಕು, ಮಬ್ಬು ಬೆಳಕಿನಲ್ಲೂ ಅಕ್ಷರ ಕಾಣಬೇಕು. ಹಾಗಾಗಿಯೇ ಅಷ್ಟು ದೊಡ್ಡ ಆಕಾರ. ಸ್ಪೇನಿನ ಎರಡನೇ ಫಿಲಿಪ್ ದೊರೆ ಎಲ್ ಎಸ್ಕೋರಿಯಲ್ ಮಠಕ್ಕೆ 200ಕ್ಕೂ ಹೆಚ್ಚು ಇಂಥ ಸಂಪುಟಗಳನ್ನು ಮಾಡಿಸಿದ. ಅವುಗಳ ಪುಟದ ಎತ್ತರ ಸುಮಾರು ಒಂದು ಮೀಟರ್. ಅಚ್ಚುಯಂತ್ರ ಬಂದು ನೂರು ವರ್ಷ ದಾಟಿದ್ದರೂ ಈ ಕೆಲಸ ಕೈಯಲ್ಲೇ ನಡೆಯಿತು. ಒಂದು ಮಠಕ್ಕೆ ಬೇಕಾದದ್ದು ಒಂದೇ ಪ್ರತಿ. ಅದಕ್ಕಾಗಿ ಅಷ್ಟು ದೊಡ್ಡ ಅಚ್ಚು ಜೋಡಿಸುವುದು ಯಾರಿಗೂ ಗಿಟ್ಟುತ್ತಿರಲಿಲ್ಲ.

ಒಂದು ಹಾಳೆಯನ್ನು ಹತ್ತಿರದಿಂದ ನೋಡಬೇಕು. ಹದ ಮಾಡಿದ ಚರ್ಮ, ಒಂದು ಬದಿ ತುಸು ಹಳದಿ, ಇನ್ನೊಂದು ಬಿಳುಪು. ಕೆಂಪು ಶಾಯಿಯ ನಾಲ್ಕು ಗೆರೆ, ಅವುಗಳ ಮೇಲೆ ಕಪ್ಪು ಚೌಕದ ಸ್ವರಗಳು, ಕೆಳಗೆ ಲ್ಯಾಟಿನ್ ಪದಗಳು. ಸ್ವರಗಳನ್ನು ಗೆರೆಗಳ ಮೇಲೆ ಕೂರಿಸುವ ಈ ಕ್ರಮವನ್ನು 11ನೇ ಶತಮಾನದಲ್ಲಿ ನೆಲೆಗೊಳಿಸಿದವನು ಅರೆಝೋದ ಗ್ವೀದೊ ಎಂಬ ಸನ್ಯಾಸಿ. ಅಲ್ಲಿಯವರೆಗೆ ಗುರುವಿನ ಬಾಯಿಂದ ಕೇಳಿಯೇ ಕಲಿಯಬೇಕಿದ್ದ ಹಾಡನ್ನು ಕಣ್ಣಿನಿಂದ ಓದಿ ಹಾಡಲು ದಾರಿಯಾಯಿತು. ಅಂಚಿನಲ್ಲಿ ಶತಮಾನಗಳ ಬೆರಳಿನ ಜಿಡ್ಡು. ಕೆಲವು ಕಡೆ ಹಳೆಯ ಪದವನ್ನು ಚಾಕುವಿನಿಂದ ಹೆರೆದು ಹೊಸದನ್ನು ಬರೆದ ಗುರುತು; 16ನೇ ಶತಮಾನದ ಟ್ರೆಂಟ್ ಮಹಾಸಭೆಯ ನಂತರ ಪ್ರಾರ್ಥನಾ ಪಠ್ಯ ಪರಿಷ್ಕಾರಗೊಂಡಾಗ ಹಳೆಯ ಪುಸ್ತಕವನ್ನೇ ತಿದ್ದಿ ಬಳಸಿದ್ದರು.

ಹಬ್ಬದ ದಿನದ ಹಾಡು ಶುರುವಾಗುವಲ್ಲಿ ಚಿನ್ನದ ರೇಕು ಹಚ್ಚಿದ ದೊಡ್ಡ ಚಿತ್ರಾಕ್ಷರ. ಸಂಗ್ರಾಹಕರ ಕಣ್ಣು ಬಿದ್ದದ್ದು ಇದರ ಮೇಲೆ. ಆ ಅಕ್ಷರವನ್ನು ಕತ್ತರಿಸಿದರೆ ಹಿಂಬದಿಯ ಹಾಡಿನ ನಡುವೆ ತೂತು ಬೀಳುತ್ತದೆ. ಹಾಳೆಯನ್ನೇ ಕಿತ್ತರೆ ಯಾವ ಹಬ್ಬ, ಯಾವ ಮಠ, ಯಾವ ಪಾಠಾಂತರ ಎಂಬುದರ ಸುಳಿವೇ ತಪ್ಪುತ್ತದೆ.

ಇಡಿಯಾಗಿ ಉಳಿದ ಪುಸ್ತಕ ಏನು ಹೇಳಬಲ್ಲದು ಎಂಬುದಕ್ಕೆ ಜರ್ಮನಿಯ ಓಸ್ನಾಬ್ರುಕ್‌ನಲ್ಲಿರುವ ಗಿಸ್ಲೆ ಹಸ್ತಪ್ರತಿ ಸಾಕ್ಷಿ. ಸುಮಾರು 1300ರಲ್ಲಿ ರುಲ್ಲೆ ಮಠದಲ್ಲಿ ಸಿದ್ಧವಾದ ಇದನ್ನು ಬರೆದು, ಸ್ವರ ಹಾಕಿ, ಚಿತ್ರಿಸಿದವಳು ಗಿಸೆಲಾ ಎಂಬ ಸನ್ಯಾಸಿನಿ ಎಂದು ಅದರಲ್ಲೇ ದಾಖಲಾಗಿದೆ. ಕ್ರಿಸ್‌ಮಸ್ ಪುಟದ ಚಿತ್ರದಲ್ಲಿ ಹಾಡುವ ಸನ್ಯಾಸಿನಿಯರ ಜೊತೆ ಆಕೆಯೂ ಹೆಸರು ಸಮೇತ ಇದ್ದಾಳೆ. ಆ ಚಿತ್ರ ಮಾತ್ರ ಬಿಡಿಯಾಗಿ ಸಿಕ್ಕಿದ್ದರೆ ಪುಸ್ತಕ ಬರೆದವಳೇ ಅವಳೆಂಬುದು ಗೊತ್ತಾಗುತ್ತಿರಲಿಲ್ಲ.

ಕತ್ತರಿ ಹಿಡಿದವರೆಲ್ಲ ಕಲೆ ಗೊತ್ತಿಲ್ಲದವರೇನಲ್ಲ. ಇಂಗ್ಲೆಂಡಿನ ದೊಡ್ಡ ಕಲಾ ವಿಮರ್ಶಕ ಜಾನ್ ರಸ್ಕಿನ್, ಸಂಜೆ ಕೂತು ಪೂಜಾಗ್ರಂಥವೊಂದನ್ನು ಕತ್ತರಿಸಿದ್ದನ್ನೂ ಅದು ಶ್ರಮದ ಕೆಲಸವೆಂಬುದನ್ನೂ 1854ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1290ರಲ್ಲಿ ಬೋಪ್ರೆ ಮಠದ ಸನ್ಯಾಸಿನಿಯರಿಗಾಗಿ ತಯಾರಾದ ಹಾಡುಪುಸ್ತಕದಿಂದಲೂ ಅವನು ಹಾಳೆಗಳನ್ನು ಕಿತ್ತ. 20ನೇ ಶತಮಾನದಲ್ಲಿ ಕ್ಲೀವ್‌ಲ್ಯಾಂಡ್‌ನ ಆಟೊ ಎಗೆ ಹಸ್ತಪ್ರತಿಗಳನ್ನು ಬಿಚ್ಚಿ ಹಾಳೆಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಮಾರಿದ. ಸಾವಿರ ಜನ ಅಸಲಿ ಹಾಳೆಯನ್ನು ಮುಟ್ಟಿ ನೋಡುವಂತಾಗಲಿ ಎಂಬುದು ಅವನ ಸಮರ್ಥನೆ.

ಆ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮುಚ್ಚಿದ ಮಠಗಳ ಎಷ್ಟೋ ಚರ್ಮದ ಹಾಳೆಗಳು ಬೇರೆ ಪುಸ್ತಕಗಳ ರಟ್ಟಿಗೆ ಹೊದಿಕೆಯಾದವು. ಅಂಥ ಕಾಲದಲ್ಲಿ ಚಿತ್ರವನ್ನಾದರೂ ಉಳಿಸಿದ್ದು ಸಂಗ್ರಾಹಕರೇ. ಆದರೆ ಆ ಆಪತ್ತು ಈಗಿಲ್ಲ. ಒಳ್ಳೆಯ ಛಾಯಾಚಿತ್ರ ಯಾರ ಫೋನಿಗೂ ಬರುವ ಈ ದಿನಗಳಲ್ಲಿ ‘ಜನರಿಗೆ ತಲುಪಿಸುವುದು’ ಎಂಬ ನೆಪಕ್ಕೂ ಬಲವಿಲ್ಲ.

ಈ ಹಾಡುಗಳು ನಮಗೆ ತೀರಾ ದೂರದವೂ ಅಲ್ಲ. 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಅವಕಾಶ ಕೊಡುವವರೆಗೆ ಮಂಗಳೂರಿನ ಇಗರ್ಜಿಗಳಲ್ಲೂ ಬಲಿಪೂಜೆಯ ಭಾಷೆ ಲ್ಯಾಟಿನ್ನೇ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಪುಸ್ತಕದಿಂದ ಹೊಸದಾಗಿ ಕಿತ್ತ ಹಾಳೆಯನ್ನು ಯಾವ ಹರಾಜು ಸಂಸ್ಥೆಯೂ ಮುಟ್ಟಬಾರದು, ಎಲ್ಲಿಂದ ಬಂತೆಂದು ಹೇಳದ ಹಾಳೆಯನ್ನು ಕೊಳ್ಳುವವರೂ ಬೇಡವೆನ್ನಬೇಕು. ಮ್ಯೂಸಿಯಂಗಳು ಚಿತ್ರಕಾರನ ಹೆಸರಿನ ಜೊತೆಗೆ ಅದು ಯಾವ ದಿನದ ಯಾವ ಹಾಡು ಎಂಬುದನ್ನೂ ಬರೆಯಬೇಕು, ಎರಡೂ ಬದಿ ತೋರಿಸಬೇಕು. ಈಗಾಗಲೇ ಹಾಳೆ ಇಟ್ಟುಕೊಂಡವರು ಎರಡೂ ಬದಿಯ ಚಿತ್ರವನ್ನು ವಿದ್ವಾಂಸರಿಗೆ ಸಿಗುವಂತೆ ಮಾಡಲಿ. ಚದುರಿದ ಹಾಳೆಗಳನ್ನು ಪರದೆಯ ಮೇಲೆ ಮತ್ತೆ ಒಟ್ಟುಗೂಡಿಸಲೆಂದೇ ಸ್ವಿಟ್ಜರ್‌ಲ್ಯಾಂಡಿನ ಫ್ರಿಬೂರ್ ವಿಶ್ವವಿದ್ಯಾಲಯದಲ್ಲಿ ಫ್ರಾಗ್ಮೆಂಟಾರಿಯಂ ಎಂಬ ಯೋಜನೆ ನಡೆಯುತ್ತಿದೆ. ಬೋಪ್ರೆ ಪುಸ್ತಕದಲ್ಲಿ ಉಳಿದ ಸಂಪುಟಗಳನ್ನು ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದೆ. ಖಾಸಗಿ ಸಂಗ್ರಾಹಕರು ಇಷ್ಟಾದರೂ ಮಾಡಿದರೆ, ಅರ್ಧಕ್ಕೆ ನಿಂತ ಎಷ್ಟೋ ಹಾಡುಗಳ ಮುಂದಿನ ಸಾಲು ಸಿಗುತ್ತದೆ.